ಸಹಾಯ ಬೇಕು: ಒತ್ತಕ್ಷರ ಹೇಗೆ ಕಲಿಸಲಿ?

ನಮಸ್ಕಾರ ಎಲ್ಲರಿಗೂ. ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ (ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಟೀಚರ್. 1ರಿಂದ 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ. ಕಾಗುಣಿತದವರೆಗೆ ಚೆನ್ನಾಗಿಯೇ ಬಂದರು, ಒತ್ತಕ್ಷರದ ಹತ್ತಿರ ನಿಂತುಬಿಟ್ಟಿದ್ದಾರೆ. ‘ಅಕ್ಕ’ ಅಂತ ಸರಿಯಾಗಿ ಓದುವ ಹುಡುಗಿ, ಉಕ್ತಲೇಖನದಲ್ಲಿ ‘ಅಕ’ ಅಂತ ಬರೆದು ನನ್ನ ಮುಖವನ್ನೇ ನೋಡುತ್ತಾಳೆ, ಪಾಪ. ತ, ಮ, ಯ, ರ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ ಅಲ್ವಾ, ಅಲ್ಲೇ ಗೊಂದಲ ಜಾಸ್ತಿ. ಹುಣಸೆಬೀಜ ಜೋಡಿಸಿ ಒತ್ತು ಮಾಡಿಸಿದೆ. ಖುಷಿಯಿಂದ ಮಾಡಿದರು, ಆದರೆ ಸ್ಲೇಟು ಹಿಡಿದರೆ ಮತ್ತೆ ಅದೇ ತಪ್ಪು. ಸುಮ್ನೆ ಹತ್ತು ಸಲ ಬರೆಸಲು ನನಗೆ ಮನಸ್ಸಿಲ್ಲ. ಸಜಾತೀಯ ಒತ್ತಕ್ಷರ (‘ಅಕ್ಕ’ದ ಹಾಗೆ ಅದೇ ಅಕ್ಷರಕ್ಕೆ ಅದೇ ಒತ್ತು) ಪೂರ್ತಿ ಮುಗಿಸಿಯೇ ಮುಂದೆ ಹೋಗಬೇಕಾ, ಇಲ್ಲ ಆಕಾರ ಬದಲಾಗುವ ಒತ್ತುಗಳನ್ನು ಬೇರೆಯಾಗಿ ಹೇಳಿಕೊಡಬೇಕಾ? ನಿಮ್ಮ ಮಕ್ಕಳಿಗೆ ಹಿಡಿಸಿದ ಆಟ, ಚಟುವಟಿಕೆ ಇದ್ದರೆ ದಯವಿಟ್ಟು ತಿಳಿಸಿ. ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.