ಫೋನಲ್ಲಿ ಡೋಸ್ ಹೇಳುತ್ತಾರೆ, ಕಲಿಸೋರು ಯಾರು?

ಮಲೆನಾಡ ಮಗಳು:
ಅಮ್ಮನಿಗೆ 61. ಅವರು ಹೊಸನಗರದ ಕಡೆ, ನಾನು ಬೆಂಗಳೂರಲ್ಲಿ. ಶುಗರ್ ಒಂಬತ್ತು ವರ್ಷದಿಂದ ಇದೆ, ನಾಲ್ಕು ತಿಂಗಳ ಹಿಂದೆ ಮಾತ್ರೆ ಸಾಲದು ಅಂತ ಇನ್ಸುಲಿನ್ ಶುರು ಮಾಡಿದರು. ಚುಚ್ಚಿಕೊಳ್ಳೋದು ತೋರಿಸಿದ್ದು ಒಂದೇ ಸಲ, ಅದೂ ಮುಂದಿನ ಪೇಷಂಟ್ ಬಾಗಿಲಲ್ಲಿ ನಿಂತಿರುವಾಗ. ಆಮೇಲೆ ಎಲ್ಲಾ ಫೋನಲ್ಲೇ. ನಾನು ರೀಡಿಂಗ್ ಹೇಳುತ್ತೇನೆ, ಡಾಕ್ಟರು ಎರಡು ಯೂನಿಟ್ ಏರಿಸುತ್ತಾರೆ, ಮುಗಿಯಿತು. 16ರಿಂದ ಶುರುವಾಗಿದ್ದು ಈಗ 24, ಆದರೂ ಬೆಳಗಿನ ಶುಗರ್ 230ರ ಕೆಳಗೆ ಬಂದಿಲ್ಲ. ನನಗೆ ಬೇಕಿರುವುದು ಇನ್ನೊಂದು ಚೀಟಿ ಅಲ್ಲ, ವಿಡಿಯೋದಲ್ಲಿ ನಿಧಾನವಾಗಿ ಕನ್ನಡದಲ್ಲಿ ಕಲಿಸೋರು. ನೆಟ್‌ವರ್ಕ್ ಹಿತ್ತಲಲ್ಲಿ ಮಾತ್ರ ಸಿಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಸಿಸ್ಟರ್_ಮಂಡ್ಯ:
ಡಯಾಬಿಟಿಸ್ ಎಜುಕೇಟರ್ ಆಗಿ ಇದೇ ಕೆಲಸ ಮಾಡುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಒಂದು ಕೇಳಿ: ಬಾಟಲಿ ಮೇಲೆ 40 ಅಂತ ಇದೆಯಾ 100 ಅಂತ ಇದೆಯಾ (ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಅಂತ), ಸಿರಿಂಜ್ ಮುಚ್ಚಳ ಕೆಂಪಾ ಕಿತ್ತಳೆಯಾ? ನಮ್ಮಲ್ಲಿ ಬಾಟಲಿ ಸಾಮಾನ್ಯವಾಗಿ 40ರದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿದರೆ 24ರ ಗೆರೆವರೆಗೆ ಎಳೆದರೂ ಮೈಗೆ ಹೋಗೋದು ಹತ್ತು ಯೂನಿಟ್ ಕೂಡ ಅಲ್ಲ. ಇದು ಫೋನಲ್ಲಿ ಸಂಖ್ಯೆ ಕೇಳಿದರೆ ಯಾವತ್ತೂ ಗೊತ್ತಾಗುವುದಿಲ್ಲ, ಕಣ್ಣಿಂದಲೇ ನೋಡಬೇಕು.
ಹಾಗಂತ ನೀವೇ ಸಿರಿಂಜ್ ಬದಲಾಯಿಸಬೇಡಿ! ಕೆಂಪು ಸಿರಿಂಜಲ್ಲಿ ಅದೇ 24 ಹಾಕಿದರೆ ಒಂದೇ ಏಟಿಗೆ ಎರಡೂವರೆ ಪಟ್ಟು ಆಗುತ್ತದೆ. ಡಾಕ್ಟರಿಗೆ ಹೇಳಿ ಹೊಸ ಡೋಸ್ ಬರೆಸಿಕೊಳ್ಳಿ. ಶುಗರ್ 70ರ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇದು ಅಮ್ಮನ ಬಾಯಲ್ಲೇ ಬರಬೇಕು, ನಿಮ್ಮ ಬಾಯಲ್ಲಲ್ಲ.
ಹೊಟ್ಟೆ ಮೇಲೆ ಗಂಟು ಇದೆಯಾ ಅಂತಲೂ ನೋಡಿ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಗಂಟಾಗುತ್ತದೆ, ಅಲ್ಲಿ ಔಷಧಿ ಸರಿಯಾಗಿ ಹಿಡಿಯುವುದಿಲ್ಲ.

ಕಾಡುಹಾದಿ:
ಸರ್ಕಾರದ ಇ-ಸಂಜೀವನಿ ಇದೆಯಲ್ಲ, ದುಡ್ಡಿಲ್ಲ. ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ವ್ಯವಸ್ಥೆ 2020ರ ಲಾಕ್‌ಡೌನ್ ಹೊತ್ತಿಗೆ ಬಂತು. ಆದರೆ ನನ್ನ ಕೇಳಿದರೆ ಹಿತ್ತಲಿಂದ ಮಾಡೋದಕ್ಕಿಂತ ಹತ್ತಿರದ ಉಪಕೇಂದ್ರಕ್ಕೆ ಹೋಗೋದೇ ವಾಸಿ. ಅಲ್ಲಿನ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಪಕ್ಕದಲ್ಲೇ ಕೂತು ಡಾಕ್ಟರಿಗೆ ವಿಡಿಯೋ ಹಚ್ಚುತ್ತಾರೆ, ಕಾಲ್ ಕಟ್ ಆದರೂ ಹೇಳಿಕೊಡೋಕೆ ಒಬ್ಬರು ಮನುಷ್ಯರು ಇರುತ್ತಾರೆ. ನಮ್ಮಪ್ಪ ಅಲ್ಲೇ ಕಲಿತಿದ್ದು. ವಿಡಿಯೋ ಆಗದ ದಿನ ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಕು, ಅವರು ಹತ್ತು ಸಲ ಕೇಳಿಕೊಳ್ಳುತ್ತಾರೆ.

ಸುಮ್ನೆ_ಒಬ್ಬ:
ಫೋನಲ್ಲಿ ಕಾಲು ಮುಟ್ಟಿ ನೋಡೋಕಾಗುತ್ತಾ? ಸ್ಪರ್ಶ ಇದೆಯಾ ಅಂತ ನೋಡೋಕೆ, ಕಣ್ಣಿನ ರೆಟಿನಾ ನೋಡೋಕೆ ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗಲೇಬೇಕು. ಇನ್ನು ಊಟದ ಪಾಠ. ನಮ್ಮತ್ತೆಗೆ ಆನ್‌ಲೈನಲ್ಲಿ ಒಬ್ಬರು ಓಟ್ಸ್ ತಿನ್ನಿ ಅಂದರು. ಅತ್ತೆ ಹೂಂ ಅಂದು ನಾಲ್ಕು ಕಡುಬು ಹಾಕಿಕೊಂಡರು. ತಟ್ಟೆ ತೋರಿಸಿ ಅಂದಿದ್ದರೆ ನಾಲ್ಕನ್ನು ಎರಡು ಮಾಡಿ, ಪಕ್ಕಕ್ಕೆ ಪಲ್ಯ ಜಾಸ್ತಿ ಹಾಕಿಸಬಹುದಿತ್ತು ಅಲ್ವಾ?

ಮಲೆನಾಡ ಮಗಳು:
ಸಿಸ್ಟರ್, ಕಿತ್ತಳೆ!! ಬಾಟಲಿ 40. ಅಂಗಡಿಯವರು ಕೊಟ್ಟರು, ಅಮ್ಮ ತಂದರು, ನಾಲ್ಕು ತಿಂಗಳು ಯಾರೂ ನೋಡಲಿಲ್ಲ, ನಾನೂ ಸೇರಿ. ಡಾಕ್ಟರಿಗೆ ಫೋಟೋ ಕಳಿಸಿದೆ, ಡೋಸ್ ಇಳಿಸಿ ಕೆಂಪು ಸಿರಿಂಜ್ ಬರೆದರು, ದಿನಕ್ಕೆ ಮೂರು ಸಲ ಚೆಕ್ ಮಾಡಲು ಹೇಳಿದ್ದಾರೆ. ಹೊಕ್ಕುಳ ಬಲಗಡೆ ಗಂಟೂ ಇದೆ. "ಅಲ್ಲಿ ನೋಯೋದಿಲ್ಲ, ಅದಕ್ಕೇ ಅಲ್ಲೇ ಚುಚ್ಚಿಕೊಳ್ಳೋದು" ಅನ್ನುತ್ತಾರೆ ಅಮ್ಮ. ಮಂಗಳವಾರ ಉಪಕೇಂದ್ರಕ್ಕೆ ಹೋಗುತ್ತಾರೆ. ಪಕ್ಕದ ಮನೆ ಚಿಕ್ಕಮ್ಮನೂ ಜೊತೆಗೆ ಹೊರಟಿದ್ದಾರೆ, ತಮ್ಮ ಸಿರಿಂಜ್ ಡಬ್ಬಿ ಹಿಡಿದುಕೊಂಡು.