ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್ ಮಾಡಿದ ಮೇಲೆ ಚೈನು ಜಿಗಿಯುತ್ತಿದೆ

ಪ್ರಶ್ನೆ (ವಿಜಯಪುರ):
ನಮಸ್ಕಾರ. ಕಡಿಮೆ ಖರ್ಚಿನಲ್ಲಿ ಆಗಲೆಂದು ಹಳೆಯ ಗೇರ್ ಸೈಕಲ್ಲೊಂದನ್ನು ಕೊಂಡು, ಒಂದೇ ಗೇರಿನ (ಸಿಂಗಲ್ ಸ್ಪೀಡ್) ಸೈಕಲ್ ಮಾಡಲು ಎರಡೂ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕಳಚಿಸಿ, ಹಿಂದಿನ ಗಾಲಿಗೆ ಸಾದಾ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್ ಹಾಕಿಸಿದ್ದೇನೆ. ಚೈನು ಹಳೆಯದೇ ಇದೆ, ಮೋಟು ಮಾಡಿಸಿದ್ದೇನೆ. ಗೋಳಗುಮ್ಮಟದ ಕಡೆಗೆ ನಿಧಾನವಾಗಿ ಹೋದರೆ ತೊಂದರೆಯಿಲ್ಲ; ಎದ್ದು ನಿಂತು ತುಳಿದರೆ ಚೈನು ಹಲ್ಲು ಬಿಟ್ಟು ಜಿಗಿಯುತ್ತದೆ. ಫ್ರೀವೀಲ್ ಬದಲಿಸಬೇಕೇ?

ಉತ್ತರ (ಬೆಳಗಾವಿ):
ಫ್ರೀವೀಲಿಗೆ ಈಗಲೇ ದುಡ್ಡು ಹಾಕಬೇಡಿ, ಮೊದಲು ಚೈನಿನ ಅಗಲ ನೋಡಿ ಸರ್. ಸಾದಾ ಸೈಕಲ್ಲಿನ ಫ್ರೀವೀಲ್ ಸಾಮಾನ್ಯವಾಗಿ 1/8 ಇಂಚಿನ ಚೈನಿಗೆ ಮಾಡಿದ್ದು. ಗೇರ್ ಸೈಕಲ್ಲಿನ ಚೈನು ಅದಕ್ಕಿಂತ ಸಣ್ಣದು, 3/32 ಇಂಚಿನದು. ದಪ್ಪ ಹಲ್ಲಿನ ಮೇಲೆ ಅದು ಪೂರ್ತಿ ಇಳಿದು ಕೂರದ ಕಾರಣ ಭಾರ ಬಿದ್ದಾಗ ಜಾರುತ್ತದೆ. 1/8 ಇಂಚಿನ ಹೊಸ ಚೈನು ನಿಮ್ಮ ತೆಳು ಚೈನ್‌ವೀಲಿನ (ಪೆಡಲ್ಲಿನ ಬಳಿಯ ಹಲ್ಲುಚಕ್ರ) ಮೇಲೂ ಓಡುತ್ತದೆಯಾದ್ದರಿಂದ ಇದೇ ಅಗ್ಗದ ದಾರಿ. ಚೈನ್‌ವೀಲಿನ ಹಲ್ಲುಗಳು ಸವೆದು ಒಂದೇ ಕಡೆಗೆ ಬಾಗಿದ್ದರೆ ಮಾತ್ರ ಹೊಸ ಚೈನೂ ನಿಲ್ಲುವುದಿಲ್ಲ.

ಆಮೇಲೆ ಸೈಕಲ್ಲಿನ ಹಿಂದೆ ಕುಳಿತು, ಚೈನು ಮುಂದಕ್ಕೆ ನೇರವಾಗಿ ಹೋಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ. ಗೇರ್ ಸೈಕಲ್ಲಿನ ಹಬ್ಬಿಗೆ (ಗಾಲಿಯ ನಡುಭಾಗಕ್ಕೆ) ಒಂಟಿ ಫ್ರೀವೀಲ್ ತಿರುಗಿಸಿದರೆ ಅದು ಕಡ್ಡಿಗಳಿಗೆ ತೀರ ಹತ್ತಿರ ಕೂರುತ್ತದೆ. ಮುಂದೆ ಎರಡು ಚೈನ್‌ವೀಲ್ ಇದ್ದರೆ ಒಳಗಿನದನ್ನು ಬಳಸಿದರೆ ಎಷ್ಟೋ ಸಲ ಚೈನಿನ ಸಾಲು ಸರಿಹೋಗುತ್ತದೆ. ಆಗದಿದ್ದರೆ ಎಕ್ಸೆಲ್ಲಿನ ಬಲಗಡೆಯ ವಾಷರನ್ನು ಎಡಕ್ಕೆ ಹಾಕಿ, ಕಡ್ಡಿ ಬಿಗಿದು ರಿಮ್ಮನ್ನು ಮತ್ತೆ ನಡುವಿಗೆ ತರಿಸಬೇಕು. ಸೈಕಲ್ ಓಟಗಾರರಿಗೆ ಹೆಸರಾದ ನಿಮ್ಮ ಜಿಲ್ಲೆಯಲ್ಲಿ ಗಾಲಿಯ ಔಟ್ (ಓಲಾಟ) ತೆಗೆಯಬಲ್ಲ ಕೈಗಳಿಗೆ ಕೊರತೆಯಾಗದು.

ಎಕ್ಸೆಲ್ ಕೂರುವ ಸೀಳು ಅಡ್ಡ ಇದೆಯೋ, ಕೆಳಮುಖವಾಗಿದೆಯೋ ತಿಳಿಸಿ.

ಪ್ರಶ್ನೆ ಕೇಳಿದವರು:
ಕೆಳಮುಖವಾಗಿದೆ. ಚೈನು ಒಂದಿಷ್ಟು ಜೋತೇ ಇದೆ.

ಉತ್ತರ (ಬೆಳಗಾವಿ):
ಹಾಗಾದರೆ ಗಾಲಿಯನ್ನು ಹಿಂದಕ್ಕೆ ಎಳೆದು ಬಿಗಿಮಾಡಲು ಬರುವುದಿಲ್ಲ. ಬಿಚ್ಚಿದ ಹಿಂದಿನ ಡಿರೈಲರನ್ನು ಎಸೆದಿರದಿದ್ದರೆ ಮತ್ತೆ ಕೂರಿಸಿ, ಅದು ಅತ್ತಿತ್ತ ಸರಿಯದಂತೆ ತಡೆಯುವ ಎರಡು ತಿರುಪುಗಳಿಂದ ಫ್ರೀವೀಲಿನ ನೇರಕ್ಕೆ ನಿಲ್ಲಿಸಿ. ಕೇಬಲ್ಲಿಲ್ಲದೆ ಅದೇ ಟೆನ್ಷನರ್ (ಚೈನನ್ನು ಬಿಗಿಯಾಗಿಡುವ ಭಾಗ) ಆಗುತ್ತದೆ. ಅಗಲ ಚೈನು ಅದರ ಪಂಜರದಲ್ಲಿ (ಚೈನು ಹಾದುಹೋಗುವ ಚೌಕಟ್ಟಿನಲ್ಲಿ) ಉಜ್ಜಿದರೆ ಮಾತ್ರ ಸಿಂಗಲ್ ಸ್ಪೀಡ್ ಟೆನ್ಷನರನ್ನೇ ಕೊಳ್ಳಬೇಕಾಗುತ್ತದೆ. ಹೊಸದಾಗಿ ಫ್ರೇಮ್ ಹುಡುಕುವವರಿಗೆ ನನ್ನ ಸಲಹೆಯೆಂದರೆ, ಬಣ್ಣ ನೋಡುವ ಮುಂಚೆ ಈ ಸೀಳನ್ನು ನೋಡಿ. ಹಳೆಯ ಡಬಲ್ ಬಾರ್ ಸೈಕಲ್ಲಿನಲ್ಲಿ ಅದು ಅಡ್ಡ ಇರುವುದರಿಂದ ನಟ್ಟು ಸಡಿಲಿಸಿ ಗಾಲಿ ಎಳೆದರೆ ಸಾಕು, ಬೇರೆ ಖರ್ಚಿಲ್ಲ.