ತಿರುಚಿದ ಟವರ್‌ನಲ್ಲಿ ಭಾರ ಎಲ್ಲಿಂದ ಇಳಿಯುತ್ತದೆ?

ಪ್ರಶ್ನೆ (ಕಂಬಿಲೆಕ್ಕ): ಸ್ವೀಡನ್ನಿನ ಮಾಲ್ಮೊದಲ್ಲಿರುವ ಟರ್ನಿಂಗ್ ಟಾರ್ಸೊ 190 ಮೀಟರ್ ಎತ್ತರ, 54 ಮಹಡಿ. ಬುಡದಿಂದ ತುದಿಗೆ ಹೋಗುವಷ್ಟರಲ್ಲಿ 90 ಡಿಗ್ರಿ ತಿರುಗಿರುತ್ತದೆ. ಒಂದು ಮಹಡಿ ಇನ್ನೊಂದರ ಮೇಲೆ ನೆಟ್ಟಗೆ ಕೂರದಿದ್ದರೆ ಕಂಬ ಎಲ್ಲಿ ನಿಲ್ಲಿಸುತ್ತಾರೆ? ಲಿಫ್ಟು, ಬಚ್ಚಲಿನ ಪೈಪು ಹೇಗೆ ನೇರ ಬರುತ್ತವೆ? ದುಬೈನ ಕಯಾನ್ ಟವರ್‌ನಲ್ಲೂ ಇದೇ ವಿಧಾನವೇ?

ಉತ್ತರ (ತೂಗುಗುಂಡು): ಹಿಂಡಿದ ಬಟ್ಟೆ ಅಂದುಕೊಂಡರೆ ಅರ್ಥವಾಗುವುದಿಲ್ಲ. ನಡುವೆ ಕೋಲು ಚುಚ್ಚಿ, ಎಲೆಗಳನ್ನು ಒಂದೊಂದಾಗಿ ಸ್ವಲ್ಪ ತಿರುಗಿಸಿಟ್ಟ ಇಸ್ಪೀಟು ಕಟ್ಟು ಅಂದುಕೊಳ್ಳಿ. ಆ ಕೋಲೇ ಕೋರ್: ಒಳವ್ಯಾಸ 10.6 ಮೀಟರಿನ ದುಂಡನೆಯ ಕಾಂಕ್ರೀಟ್ ಕೊಳವೆ. ಗೋಡೆ ಬುಡದಲ್ಲಿ 2.5 ಮೀಟರ್ ದಪ್ಪ, ತುದಿಯಲ್ಲಿ 40 ಸೆಂ.ಮೀ. ದುಂಡಗಿರುವುದರಿಂದ ಸ್ಲ್ಯಾಬ್ ಯಾವ ಕಡೆಗೆ ತಿರುಗಿದರೂ ಕೋರ್‌ಗೆ ಒಂದೇ. ಲಿಫ್ಟು, ಮೆಟ್ಟಿಲು ಅದರೊಳಗೇ ನೇರ ಹೋಗುತ್ತವೆ. ಪೈಪಿಗೂ ಅದೇ ಸೂತ್ರ: ಬಚ್ಚಲು, ಅಡುಗೆಮನೆಯನ್ನು ಕೋರ್ ಹತ್ತಿರ ಇಟ್ಟಷ್ಟೂ ಓರೆ ಕಡಿಮೆ. ಕಟ್ಟಡವನ್ನು ಐದೈದು ಮಹಡಿಯ 9 ಘನಗಳಾಗಿ ಒಡೆದಿದ್ದಾರೆ. ಪ್ರತಿ ಘನದ ತಳದ ದಪ್ಪ ಸ್ಲ್ಯಾಬ್ ಕೋರ್‌ನಿಂದ ಹೊರಚಾಚಿ, ಮೇಲಿನ ಮಹಡಿಗಳ ಅಂಚಿನ ಉಕ್ಕಿನ ಕಂಬಗಳನ್ನು ಹೊರುತ್ತದೆ. ಹೊರಗೆ ಕಾಣುವ ಬಿಳಿ ಉಕ್ಕಿನ ಬೆನ್ನೆಲುಬು ಬಹುಪಾಲು ಅಲಂಕಾರ.

ಇನ್ನೊಂದು ಉತ್ತರ (ಓರೆಕಂಬ): ಕೊನೆಯ ಮಾತು ತಪ್ಪು. ಆ ಬೆನ್ನೆಲುಬು ಗಾಳಿಗೆ ಎದುರಾಗಿ ಕೋರ್‌ಗೆ ಬಿಗಿತ ಕೊಡುತ್ತದೆ. ಅದು ಇದ್ದೂ ಬಿರುಗಾಳಿಯಲ್ಲಿ ತುದಿ ಸುಮಾರು 30 ಸೆಂ.ಮೀ. ಆಡಬಹುದು. ಇದನ್ನು ವಿನ್ಯಾಸ ಮಾಡಿದ ಸಾಂತಿಯಾಗೊ ಕಲಾತ್ರಾವಾ ಶಿಲ್ಪಿಯೂ ಹೌದು, ಇಂಜಿನಿಯರೂ ಹೌದು. ಈ ರೂಪ ಅವರದೇ ಶಿಲ್ಪದಿಂದ ಬಂದದ್ದು. ಅಷ್ಟಕ್ಕೇ ಉಕ್ಕೆಲ್ಲ ಶೃಂಗಾರ ಅನ್ನಬೇಡಿ.

ಕಯಾನ್ ಬೇರೆ ಜಾತಿ. 2013ರಲ್ಲಿ ಮುಗಿದ ಈ 75 ಮಹಡಿಯ ಕಟ್ಟಡದಲ್ಲೂ ದುಂಡು ಕೋರ್ ಇದೆ, ಆದರೆ ಅಂಚಿನ ಕಾಂಕ್ರೀಟ್ ಕಂಬಗಳೇ ಓರೆಯಾಗಿ ಏರುತ್ತವೆ. ಮಹಡಿಗೆ ಸುಮಾರು 1.2 ಡಿಗ್ರಿ ತಿರುವು. ಲೆಕ್ಕ ಹಾಕಿ: ಕೇಂದ್ರದಿಂದ 15 ಮೀಟರ್ ದೂರದ ಬಿಂದು ಮಹಡಿಗೆ 31 ಸೆಂ.ಮೀ. ಸರಿಯುತ್ತದೆ. ಮಹಡಿಯ ಎತ್ತರ 3.5 ಮೀಟರ್ ಎಂದುಕೊಂಡರೆ ಓರೆ 5 ಡಿಗ್ರಿ, ಅಂದರೆ ಕಂಬದ ಭಾರದ ಸುಮಾರು ಶೇ. 9ರಷ್ಟು ಅಡ್ಡ ನೂಕು. ಎಲ್ಲ ಕಂಬಗಳೂ ಒಂದೇ ಸುತ್ತಿನಲ್ಲಿ ಓರೆಯಾದರೆ ಈ ನೂಕುಗಳು ಸೇರಿ ಕಟ್ಟಡವನ್ನೇ ತಿರುಚುತ್ತವೆ. ಗಾಳಿ ನಿಂತರೂ ಇದು ನಿಲ್ಲದು, ಸ್ವಂತ ಭಾರದ್ದೇ ಕೆಲಸ. ಕಾಂಕ್ರೀಟಿನ ಕ್ರೀಪ್‌ನಿಂದ (ಸದಾ ಇರುವ ಭಾರಕ್ಕೆ ನಿಧಾನವಾಗಿ ರೂಪ ಬದಲಿಸುವುದು) ವರ್ಷಗಳ ಕಾಲ ಬೆಳೆಯುತ್ತಲೂ ಇರುತ್ತದೆ. ತಡೆಯಲು ಮುಚ್ಚಿದ ಕೊಳವೆಯಂಥ ಕೋರ್ ಬೇಕು. ಬಾಗಿಲಿಗೆಂದು ಕೊರೆದ ತೂತುಗಳು ಅದನ್ನು ದುರ್ಬಲಗೊಳಿಸುತ್ತವೆ. ಅವುಗಳ ಮೇಲಿನ ಲಿಂಟಲ್ ಬೀಮುಗಳಲ್ಲಿ ಕಂಬಿ ಒತ್ತೊತ್ತಾಗಿ ತುಂಬಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿಯೂ ಇಳಿಯದಂತಾಗುವುದು ಅಲ್ಲೇ.

ಕಂಬಿಲೆಕ್ಕ: ಸೈಟಿನಲ್ಲಿ 1.2 ಡಿಗ್ರಿಯನ್ನು ಗುರುತಿಸುವುದು ಹೇಗೆ? ಕೆಳಗಿನ ಸ್ಲ್ಯಾಬಿನಿಂದ ಅಳೆದರೆ ಸಾಲದೇ?

ತೂಗುಗುಂಡು: ಬೆನ್ನೆಲುಬಿನ ತಿದ್ದುಪಡಿ ಒಪ್ಪಿದೆ.

ಕೆಳಗಿನ ಸ್ಲ್ಯಾಬಿನಿಂದ ಮಾತ್ರ ಅಳೆಯಬೇಡಿ. ಮಹಡಿಗೆ 3 ಮಿ.ಮೀ. ತಪ್ಪು ಒಂದೇ ಕಡೆಗೆ ಬಿದ್ದರೆ 50 ಮಹಡಿಗೆ 15 ಸೆಂ.ಮೀ. ಆಗುತ್ತದೆ. ನೆಲದ ಕಂಟ್ರೋಲ್ ಪಾಯಿಂಟುಗಳನ್ನು (ಅಳತೆಗೆ ಆಧಾರವಾದ ಸ್ಥಿರ ಗುರುತುಗಳು) ಸ್ಲ್ಯಾಬಿನಲ್ಲಿ ಬಿಟ್ಟ ತೂತುಗಳ ಮೂಲಕ ನೆಟ್ಟಗೆ ಮೇಲಕ್ಕೆ ಕಿರಣ ಬಿಡುವ ಲೇಸರ್ ಪ್ಲಮೆಟ್‌ನಿಂದ ಮೇಲೆತ್ತಿ, ಪ್ರತಿ ಮೂಲೆಯ ನಿರ್ದೇಶಾಂಕವನ್ನು ಟೋಟಲ್ ಸ್ಟೇಷನ್‌ನಲ್ಲಿ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಹೊಸದಾಗಿ ಹಾಕಬೇಕು. ಬೆಳಗ್ಗೆ ಬಿಸಿಲೇರುವ ಮುನ್ನವೇ ಮಾಡಿ. ಒಂದು ಮೈ ಕಾದರೆ ಅದು ಹಿಗ್ಗಿ ಟವರ್ ಎದುರು ದಿಕ್ಕಿಗೆ ಬಾಗುತ್ತದೆ. ಕ್ರೀಪ್ ತಿರುಚನ್ನು ಮೊದಲೇ ಲೆಕ್ಕ ಹಾಕಿ, ಅಷ್ಟನ್ನು ವಿರುದ್ಧ ದಿಕ್ಕಿಗೆ ಸರಿಸಿ ಸುರಿಯುವುದೂ ಉಂಟು. ಇಷ್ಟರ ನಡುವೆ ಒಂದು ಸಮಾಧಾನ: ಎಲ್ಲ ಮಹಡಿಯ ನಕ್ಷೆ ಒಂದೇ ಆದ್ದರಿಂದ ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಸೆಟ್ಟನ್ನೇ ತಿರುಗಿಸಿ ಮತ್ತೆ ಬಳಸಬಹುದು.

ಓರೆಕಂಬ: ಕೆನಡಾದ ಮಿಸಿಸಾಗದ ಅಬ್ಸೊಲ್ಯೂಟ್ ಟವರ್‌ಗಳಲ್ಲಿ ಆ ಸಮಾಧಾನವೂ ಪೂರ್ತಿ ಸಿಗುವುದಿಲ್ಲ. 56 ಮಹಡಿಯ ಟವರ್ ಒಟ್ಟು 209 ಡಿಗ್ರಿ ತಿರುಗುತ್ತದೆ, ಆದರೆ ಭಾರ ಹೊರುವ ಗೋಡೆಗಳು ತಿರುಗುವುದೇ ಇಲ್ಲ. ಅಂಡಾಕಾರದ ಸ್ಲ್ಯಾಬ್ ಸರಿದಂತೆ ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಗೋಡೆಯ ಉದ್ದಕ್ಕೆ ತಕ್ಕಂತೆ ಮನೆಯ ನಕ್ಷೆಯೂ ಬದಲಾಗುತ್ತದೆ.